ಬೆರಿ ಎಫ್‌ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಫುಟ್‌ಬಾಲ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಆರೇಳು ದೊಡ್ಡ ಕ್ಲಬ್‌ಗಳಷ್ಟೇ ಗೊತ್ತು. ಅವುಗಳ ಕೆಳಗೆ ನೂರಾರು ಕ್ಲಬ್‌ಗಳಿವೆ, ಒಂದೊಂದಕ್ಕೂ ದೊಡ್ಡ ಕಥೆ ಇದೆ. ನಾನು ಬೆರಿ ಬಗ್ಗೆ ಮಾತಾಡಿದಾಗಲೆಲ್ಲ ಜನ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಪೂರ್ತಿ ಓದಲೇಬೇಕು ಅಂತೇನಿಲ್ಲ, ಬೇಕಾದ ಪ್ರಶ್ನೆಗೆ ನೇರ ಹೋಗಿ.

## ಮೊದಲ ಪರಿಚಯ

ಬೆರಿ ಎಲ್ಲಿದೆ? ಮ್ಯಾಂಚೆಸ್ಟರ್ ಹತ್ತಿರಾನಾ?

ಹೌದು, ಮ್ಯಾಂಚೆಸ್ಟರ್‌ನಿಂದ ಉತ್ತರಕ್ಕೆ ಸುಮಾರು 13 ಕಿಲೋಮೀಟರ್. ಅಲ್ಲಿಂದ ಮೆಟ್ರೋಲಿಂಕ್ ಟ್ರ್ಯಾಮ್ ಹತ್ತಿದರೆ ಅರ್ಧ ಗಂಟೆಯಲ್ಲಿ ಬೆರಿ. ಹತ್ತಿ ಗಿರಣಿಗಳ ಊರು. ನೇಯ್ಗೆಯ ವೇಗವನ್ನೇ ಬದಲಿಸಿದ ಹಾರುವ ಲಾಳಿಗೆ 1733ರಲ್ಲಿ ಪೇಟೆಂಟ್ ಪಡೆದ ಜಾನ್ ಕೇ ಈ ಕಡೆಯವನು. ಲಂಡನ್ ಪೊಲೀಸ್ ಪಡೆ ಕಟ್ಟಿದ ರಾಬರ್ಟ್ ಪೀಲ್ ಹುಟ್ಟಿದ್ದೂ ಇಲ್ಲೇ. ಊರಿನ ಮಾರ್ಕೆಟ್ಟಿಗೆ ದೊಡ್ಡ ಹೆಸರಿದೆ, ಅಲ್ಲಿನ ಬ್ಲ್ಯಾಕ್ ಪುಡಿಂಗಿಗೆ ಇನ್ನೂ ದೊಡ್ಡ ಹೆಸರು. ಹೆಸರು ಕೇಳಿ ಸಿಹಿ ತಿಂಡಿ ಅಂದುಕೊಳ್ಳಬೇಡಿ, ಅದು ಹಂದಿಯ ರಕ್ತದಿಂದ ಮಾಡುವ ಸಾಸೇಜ್.

ಕ್ಲಬ್ ಶುರುವಾದದ್ದು 1885ರಲ್ಲಿ. ಚರ್ಚ್‌ಗಳಿಗೆ ಸೇರಿದ ಎರಡು ತಂಡಗಳು, ಬೆರಿ ವೆಸ್ಲಿಯನ್ಸ್ ಮತ್ತು ಬೆರಿ ಯೂನಿಟೇರಿಯನ್ಸ್, ಒಂದಾಗಿ ಕಟ್ಟಿದ್ದು. ಬಿಳಿ ಅಂಗಿ, ನೀಲಿ ಚಡ್ಡಿ. ಮೈದಾನದ ಹೆಸರು ಗಿಗ್ ಲೇನ್, ಅದೂ 1885ರಿಂದಲೇ.

ಲೀಗ್ ಒನ್ ಅಂದ್ರೆ ಮೊದಲನೇ ಲೀಗ್ ಅಲ್ವಾ? ಈ ಲೆಕ್ಕ ತಲೆಗೇ ಹೋಗಲ್ಲ.

ಅಲ್ಲ, ಅದು ಮೂರನೇ ಹಂತ. ಹೆಸರಿಟ್ಟವರು ಯಾರೋ, ಎಲ್ಲರಿಗೂ ಗೊಂದಲ ಮಾಡಿಟ್ಟಿದ್ದಾರೆ.

ಮೇಲಿಂದ ಹೀಗೆ ಎಣಿಸಿ. ಒಂದನೇದು ಪ್ರೀಮಿಯರ್ ಲೀಗ್. ಎರಡನೇದು ಚಾಂಪಿಯನ್‌ಶಿಪ್, ಮೂರನೇದು ಲೀಗ್ ಒನ್, ನಾಲ್ಕನೇದು ಲೀಗ್ ಟೂ. ಈ ಎರಡು, ಮೂರು, ನಾಲ್ಕನ್ನು ನಡೆಸೋದು ಇಎಫ್‌ಎಲ್, ಅಂದರೆ ಇಂಗ್ಲಿಷ್ ಫುಟ್‌ಬಾಲ್ ಲೀಗ್. ಇವುಗಳಲ್ಲಿ ಒಟ್ಟು 72 ಕ್ಲಬ್‌ಗಳು. ಐದನೇದು ನ್ಯಾಷನಲ್ ಲೀಗ್. ಅದರ ಕೆಳಗೆ ಪ್ರಾಂತ್ಯವಾರು ಹಂಚಿಹೋದ ಲೀಗ್‌ಗಳು, ಇಳಿದಷ್ಟೂ ಇವೆ. ಗೆದ್ದವರು ಒಂದು ಹಂತ ಮೇಲೆ, ಕೊನೆಯಲ್ಲಿದ್ದವರು ಒಂದು ಹಂತ ಕೆಳಗೆ. ಲೆಕ್ಕದ ಪ್ರಕಾರ ಹತ್ತನೇ ಹಂತದ ಹಳ್ಳಿ ತಂಡವೂ ಹತ್ತುತ್ತಾ ಹತ್ತುತ್ತಾ ಪ್ರೀಮಿಯರ್ ಲೀಗ್ ಮುಟ್ಟಬಹುದು. ಬೆರಿಯ ಕಥೆ ಅರ್ಥವಾಗಬೇಕಾದರೆ ಇದೊಂದು ತಲೆಯಲ್ಲಿ ಇರಲೇಬೇಕು. ಯಾಕಂದರೆ ಈ ಕ್ಲಬ್ ಒಂದನೇ ಹಂತದಲ್ಲೂ ಆಡಿದೆ, ಅದರ ಹೆಸರು ಹೊತ್ತ ಹೊಸ ತಂಡ ಹತ್ತನೇ ಹಂತದಲ್ಲೂ ಆಡಿದೆ.

'ಶೇಕರ್ಸ್' ಅಂತ ಅಡ್ಡಹೆಸರು ಯಾಕೆ ಬಂತು?

1892ರ ಲ್ಯಾಂಕಶೈರ್ ಕಪ್ ಫೈನಲ್. ಎದುರಿಗಿದ್ದದ್ದು ಆ ಕಾಲದ ದೈತ್ಯ ತಂಡ ಬ್ಲ್ಯಾಕ್‌ಬರ್ನ್ ರೋವರ್ಸ್. ಬೆರಿಯ ಅಧ್ಯಕ್ಷ ಇಂಗಮ್ ಅನ್ನುವವರು, ಇವತ್ತು ಅವರನ್ನು ಚೆನ್ನಾಗಿ ಅಲ್ಲಾಡಿಸಿಬಿಡುತ್ತೇವೆ, ಅಲ್ಲಾಡಿಸುವವರೇ ನಾವು ಅಂತ ಜಂಬ ಕೊಚ್ಚಿದರಂತೆ. ಸೋತಿದ್ದರೆ ನಗೆಪಾಟಲಾಗುತ್ತಿತ್ತು. ಗೆದ್ದರು, ಹೆಸರು ಅಂಟಿಕೊಂಡಿತು.

ನಮ್ಮ ಬೈಚುಂಗ್ ಭುಟಿಯಾ ಆಡಿದ್ದು ಇದೇ ಕ್ಲಬ್ಬಿಗಾ?

ಇದೇ ಕ್ಲಬ್ಬಿಗೆ. ಭಾರತದಲ್ಲಿ ಬೆರಿಯ ಹೆಸರು ಕೇಳಿದವರಿದ್ದರೆ ಬಹುಪಾಲು ಅದು ಭುಟಿಯಾ ದೆಸೆಯಿಂದ.

1999ರ ಸೆಪ್ಟೆಂಬರ್ ಕೊನೆಯಲ್ಲಿ ಈಸ್ಟ್ ಬೆಂಗಾಲ್‌ನಿಂದ ಬಂದು ಸಹಿ ಹಾಕಿದರು. ಯುರೋಪಿನ ಕ್ಲಬ್ ಒಂದರ ಜೊತೆ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ಭಾರತೀಯ ಅವರು. ಅವರಿಗಿಂತ ಮುಂಚೆ, 1936ರಲ್ಲಿ, ಕೋಲ್ಕತ್ತಾದ ಮೊಹಮ್ಮದ್ ಸಲೀಂ ಸ್ಕಾಟ್‌ಲೆಂಡಿನ ಸೆಲ್ಟಿಕ್ ಪರವಾಗಿ ಬರಿಗಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಆಡಿದ್ದರು. ಆದರೆ ಅದು ಕೆಲವೇ ದಿನಗಳ ಮಾತು, ಸಲೀಂ ಊರು ನೆನಪಾಗಿ ವಾಪಸ್ ಬಂದುಬಿಟ್ಟರು.

ಭುಟಿಯಾ ಬೆರಿಗೆ ಮೊದಲು ಆಡಿದ್ದು ಅಕ್ಟೋಬರ್ 3ರಂದು, ಕಾರ್ಡಿಫ್ ಸಿಟಿ ಎದುರು, ಬದಲಿ ಆಟಗಾರನಾಗಿ. ಮೊದಲ ಗೋಲು ಬಂದದ್ದು ಮುಂದಿನ ಏಪ್ರಿಲ್‌ನಲ್ಲಿ, ಚೆಸ್ಟರ್‌ಫೀಲ್ಡ್ ಮೇಲೆ. ಆಗ ಬೆರಿ ಇದ್ದದ್ದು ಮೂರನೇ ಹಂತದಲ್ಲಿ. ಅಲ್ಲಿ ಚೆಂದದ ಆಟಕ್ಕಿಂತ ತಳ್ಳಾಟ ಜಾಸ್ತಿ, ಚಳಿಗಾಲದಲ್ಲಿ ಮೈದಾನ ಕೆಸರುಗದ್ದೆ. ಸಿಕ್ಕಿಂನ ಹುಡುಗನಿಗೆ ಚಳಿ ಹೊಸದಲ್ಲ ಬಿಡಿ, ಆದರೆ ಎತ್ತರದ ಸೆಂಟರ್ ಬ್ಯಾಕ್‌ಗಳು ಹೆಗಲಿಂದ ಗುದ್ದುವುದು ಹೊಸದು. ಗಾಯಗಳೂ ಕಾಡಿದವು. 2002ರ ಹೊತ್ತಿಗೆ ಹೊರಟಾಗ ಮೂವತ್ತಕ್ಕೂ ಹೆಚ್ಚು ಪಂದ್ಯ, ಮೂರು ಗೋಲು. ಅಂಕಿ ನೋಡಿ 'ಫೇಲ್' ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಮಟ್ಟದಲ್ಲಿ ಮೂರು ಸೀಸನ್ ತಂಡದೊಳಗೆ ಉಳಿಯುವುದೇ ಕಷ್ಟ.

## ಹಳೆಯ ವೈಭವ, ಹಳೆಯ ಪೆಟ್ಟು

ಬೆರಿ ಎಫ್‌ಎ ಕಪ್ ಗೆದ್ದಿದೆ ಅಂತಾರೆ. ನಿಜಾನಾ, ಸುಮ್ನೆ ಹೇಳೋದಾ?

ನಿಜ. ಒಂದಲ್ಲ, ಎರಡು ಸಲ. ಎಫ್‌ಎ ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಅದು ನಡೆಸುವ, ಬೇರೆ ಬೇರೆ ಹಂತದ ಕ್ಲಬ್‌ಗಳು ಸೇರಿ ಆಡುವ ನಾಕೌಟ್ ಟೂರ್ನಿ ಎಫ್‌ಎ ಕಪ್.

ಅದಕ್ಕೂ ಮೊದಲಿನ ಒಂದು ವಿಷಯ ಹೇಳಬೇಕು. ಬೆರಿ ಫುಟ್‌ಬಾಲ್ ಲೀಗಿಗೆ ಸೇರಿದ್ದು 1894ರಲ್ಲಿ, ಎರಡನೇ ಡಿವಿಜನ್ನಿಗೆ (ಆಗ ಹಂತಗಳನ್ನು ಡಿವಿಜನ್ ಅನ್ನುತ್ತಿದ್ದರು). ಮೊದಲ ವರ್ಷವೇ ಚಾಂಪಿಯನ್. ಮನೆಯಂಗಳದ 15 ಪಂದ್ಯ, 15ನ್ನೂ ಗೆದ್ದರು. ಆಗ ಮೇಲೆ ಹೋಗಬೇಕಾದರೆ ಮೇಲಿನ ಡಿವಿಜನ್ನಿನ ಕೊನೆಯ ತಂಡದ ಜೊತೆ ಒಂದು ಪರೀಕ್ಷಾ ಪಂದ್ಯ ಆಡಿ ಗೆಲ್ಲಬೇಕಿತ್ತು. ಎದುರಿಗೆ ಬಂದದ್ದು ಲಿವರ್‌ಪೂಲ್. ಬೆರಿ 1-0ಯಿಂದ ಗೆದ್ದು ಮೇಲೆ ಹೋಯಿತು, ಲಿವರ್‌ಪೂಲ್ ಕೆಳಗಿಳಿಯಿತು. ಇವತ್ತು ಇದನ್ನು ಹೇಳಿದರೆ ಲಿವರ್‌ಪೂಲ್ ಅಭಿಮಾನಿಗಳು ನಂಬುವುದಿಲ್ಲ!

1900ರ ಎಫ್‌ಎ ಕಪ್ ಫೈನಲ್‌ನಲ್ಲಿ ಸೌತಾಂಪ್ಟನ್ ಮೇಲೆ 4-0. ಮೂರು ವರ್ಷ ಬಿಟ್ಟು, 1903ರಲ್ಲಿ, ಡರ್ಬಿ ಕೌಂಟಿ ಮೇಲೆ 6-0. ಎರಡೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮೈದಾನದಲ್ಲಿ, ಅರವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ. 1903ರಲ್ಲಿ ಬೆರಿ ಕಪ್ ಪೂರ್ತಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ವುಲ್ವ್ಸ್ 1-0, ಶೆಫೀಲ್ಡ್ ಯುನೈಟೆಡ್ 1-0, ನಾಟ್ಸ್ ಕೌಂಟಿ 1-0, ಆಸ್ಟನ್ ವಿಲ್ಲಾ 3-0, ಆಮೇಲೆ ಈ 6-0. ಡರ್ಬಿಯವರ ಕಡೆಯಿಂದಲೂ ಹೇಳಬೇಕಲ್ಲ: ಅವರ ದೊಡ್ಡ ಗೋಲುಗಾರ ಸ್ಟೀವ್ ಬ್ಲೂಮರ್ ಗಾಯದಿಂದ ಆಡಿರಲಿಲ್ಲ, ಗೋಲ್‌ಕೀಪರ್ ಕೂಡ ಪಂದ್ಯದ ನಡುವೆ ಗಾಯಗೊಂಡ.

ಫೈನಲ್‌ನ ಆ 6-0 ದಾಖಲೆಯನ್ನು 116 ವರ್ಷ ಯಾರೂ ಮುಟ್ಟಲಿಲ್ಲ. ಕೊನೆಗೆ 2019ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿ ವಾಟ್‌ಫರ್ಡ್ ಮೇಲೆ 6-0 ಗೆದ್ದು ಸಮ ಮಾಡಿತು. ಪೇಪರ್‌ಗಳಲ್ಲಿ ಬೆರಿಯ ಹೆಸರು ಮತ್ತೆ ಬಂತು. ಅದಾಗಿ ಮೂರು ತಿಂಗಳಲ್ಲಿ ಇನ್ನೊಂದು ಕಾರಣಕ್ಕೆ ಬಂತು, ಅದನ್ನು ಮುಂದೆ ಬರೆದಿದ್ದೇನೆ.

ಇಷ್ಟೆಲ್ಲ ಗೆದ್ದ ಕ್ಲಬ್ ಸಣ್ಣದಾಗಿದ್ದು ಹೇಗೆ?

ಒಂದೇ ದಿನ ಆದದ್ದಲ್ಲ. 1912ರಲ್ಲಿ ಮೊದಲ ಡಿವಿಜನ್ನಿನಿಂದ ಬಿತ್ತು. 1924ರಲ್ಲಿ ಮತ್ತೆ ಹತ್ತಿತು, 1926ರಲ್ಲಿ ಇಡೀ ಇಂಗ್ಲೆಂಡಿಗೆ ನಾಲ್ಕನೇ ಸ್ಥಾನ. ಅದೇ ಅದರ ಅತಿ ಎತ್ತರ. 1929ರಲ್ಲಿ ಮತ್ತೆ ಇಳಿಯಿತು. ಅಂದಿನಿಂದ ಇಂದಿನವರೆಗೆ ಮೊದಲ ಡಿವಿಜನ್ ನೋಡಿಲ್ಲ.

ಕಾರಣ ಊಹಿಸಬಹುದು. ಪಕ್ಕದಲ್ಲೇ ಮ್ಯಾಂಚೆಸ್ಟರಿನ ಎರಡು ಕ್ಲಬ್, ಇನ್ನೊಂದು ಪಕ್ಕ ಬೋಲ್ಟನ್, ಆಚೆ ರಾಚ್‌ಡೇಲ್, ಓಲ್ಡಮ್. ಅಷ್ಟು ಸಣ್ಣ ಜಾಗದಲ್ಲಿ ಇಷ್ಟು ಕ್ಲಬ್ ಇದ್ದರೆ ಟಿಕೆಟ್ ಕೊಳ್ಳುವ ಜನ ಎಲ್ಲಿಂದ ಬರಬೇಕು? ಹತ್ತಿ ಗಿರಣಿಗಳು ಮುಚ್ಚುತ್ತಾ ಹೋದವು, ಶನಿವಾರ ಮಧ್ಯಾಹ್ನ ಗಿರಣಿಯಿಂದ ಸೀದಾ ಮೈದಾನಕ್ಕೆ ಬರುತ್ತಿದ್ದ ಜನವೂ ಕರಗಿತು. 1961ರವರೆಗೆ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು. ದೊಡ್ಡ ಕ್ಲಬ್ಬಾದರೂ ಅದಕ್ಕಿಂತ ಹೆಚ್ಚು ಕೊಡುವ ಹಾಗಿರಲಿಲ್ಲ. ಆ ಮಿತಿ ತೆಗೆದ ಮೇಲೆ ಸಣ್ಣ ಊರಿನ ಕ್ಲಬ್‌ಗಳು ಪೈಪೋಟಿ ಕೊಡಲು ಆಗಲೇ ಇಲ್ಲ. 1971ರ ಹೊತ್ತಿಗೆ ಬೆರಿ ನಾಲ್ಕನೇ ಡಿವಿಜನ್ನಿನಲ್ಲಿತ್ತು.

ಹತ್ತುವುದು ಇಳಿಯುವುದರಲ್ಲೇ ಒಂದು ವಿಚಿತ್ರ ದಾಖಲೆಯೂ ಆಯಿತು. ಇಂಗ್ಲೆಂಡಿನ ಮೇಲಿನ ನಾಲ್ಕೂ ಹಂತಗಳಲ್ಲಿ ತಲಾ ಸಾವಿರ ಗೋಲು ಹೊಡೆದ ಮೊದಲ ಕ್ಲಬ್ ಬೆರಿ, 2005ರಲ್ಲಿ. ಎಲ್ಲ ಮೆಟ್ಟಿಲ ಮೇಲೂ ವರ್ಷಗಟ್ಟಲೆ ಕೂತವರಿಗೆ ಮಾತ್ರ ಸಿಗುವ ದಾಖಲೆ ಇದು. ಹೆಮ್ಮೆ ಪಡಬೇಕೋ ಅಳಬೇಕೋ ಗೊತ್ತಾಗಲ್ಲ.

ಮ್ಯಾಂಚೆಸ್ಟರ್ ಸಿಟಿಯ ಕಾಲಿನ್ ಬೆಲ್ ಮೊದಲು ಬೆರಿಯಲ್ಲಿದ್ರಾ?

ಇದ್ದರು, 1963ರಿಂದ 66ರವರೆಗೆ. ಚಿಕ್ಕ ವಯಸ್ಸಿನಲ್ಲೇ ಕ್ಯಾಪ್ಟನ್ ಆದರು. ಅವರನ್ನು ಕೊಳ್ಳಲು ಸಿಟಿಗೆ ಆಸೆ ಇತ್ತು, ಕೈಯಲ್ಲಿ ಆಗ ದುಡ್ಡಿರಲಿಲ್ಲ. ಆಗಿನ ಕೋಚ್ ಮಾಲ್ಕಂ ಆಲಿಸನ್ ಗಿಗ್ ಲೇನ್‌ನ ಸ್ಟ್ಯಾಂಡಿನಲ್ಲಿ ಬೇರೆ ಕ್ಲಬ್‌ಗಳ ಸ್ಕೌಟ್‌ಗಳ ನಡುವೆ ಕೂತು, ಈ ಹುಡುಗನಿಗೆ ಹೆಡ್ ಮಾಡಲು ಬರಲ್ಲ, ಎಡಗಾಲು ಇಲ್ಲವೇ ಇಲ್ಲ, ದಂಡ ಅಂತ ಜೋರಾಗಿ ಗೊಣಗುತ್ತಿದ್ದರಂತೆ. ಬೇರೆಯವರು ಕೊಳ್ಳದಿರಲಿ ಅಂತ! ಆಮೇಲೆ ದುಡ್ಡು ಹೊಂದಿಸಿಕೊಂಡು ಅವರೇ ಕರೆದುಕೊಂಡು ಹೋದರು. ಬೆಲ್ ಸಿಟಿಯ ಇತಿಹಾಸದ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರಾದರು. ಒಳ್ಳೆ ಹುಡುಗರನ್ನು ಬೆಳೆಸಿ ಮಾರಿ ಬದುಕುವುದು ಇಂಥ ಕ್ಲಬ್‌ಗಳ ಹಣೆಬರಹ.

ಸ್ಟೋಕ್ ಜೊತೆಗಿನ ಒಂದು ಪಂದ್ಯ ಮುಗಿಯೋದೇ ಇಲ್ಲ ಅನ್ನೋ ಹಾಗಿತ್ತಂತೆ?

1955ರ ಜನವರಿ, ಎಫ್‌ಎ ಕಪ್ ಮೂರನೇ ಸುತ್ತು. ಆಗ ಪೆನಾಲ್ಟಿ ಶೂಟೌಟ್ ಇರಲಿಲ್ಲ, ಡ್ರಾ ಆದರೆ ಮತ್ತೆ ಆಡಬೇಕು. ಮತ್ತೆ ಡ್ರಾ ಆದರೆ ಮತ್ತೆ. ಬೆರಿ ಮತ್ತು ಸ್ಟೋಕ್ ಐದು ಸಲ ಆಡಿದವು, ಒಟ್ಟು 9 ಗಂಟೆ 22 ನಿಮಿಷ. ಕೊನೆಗೆ ಸ್ಟೋಕ್ 3-2.

ಗ್ಯಾರಿ ನೆವಿಲ್, ಫಿಲ್ ನೆವಿಲ್‌ಗೂ ಬೆರಿಗೂ ಏನು ಸಂಬಂಧ?

ಅಣ್ಣ ತಮ್ಮ ಇಬ್ಬರೂ ಬೆರಿ ಊರಿನವರು. ಆಡಿದ್ದು ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ, ಆದರೆ ಅಮ್ಮ ಜಿಲ್ ವರ್ಷಗಟ್ಟಲೆ ಬೆರಿ ಕ್ಲಬ್ಬಿನ ಸೆಕ್ರೆಟರಿ. ಅಪ್ಪನ ಹೆಸರು ನೆವಿಲ್ ನೆವಿಲ್ (ಹೌದು, ಹೆಸರೂ ಅದೇ, ಮನೆತನದ ಹೆಸರೂ ಅದೇ). ಕ್ಲಬ್ ಕಷ್ಟದಲ್ಲಿದ್ದಾಗ ಉಳಿಸಲು ಓಡಾಡಿದವರಲ್ಲಿ ಅವರೂ ಒಬ್ಬರು. 2015ರಲ್ಲಿ ತೀರಿಕೊಂಡ ಮೇಲೆ ಒಂದು ಸ್ಟ್ಯಾಂಡಿಗೆ ಅವರ ಹೆಸರಿಟ್ಟರು.

ಗೋಲು ವ್ಯತ್ಯಾಸ ಚೆನ್ನಾಗಿದ್ರೂ ಬೆರಿ ಕೆಳಗಿಳೀತು ಅಂತಾರಲ್ಲ, ಅದ್ಹೇಗೆ ಸಾಧ್ಯ?

ಅದು 1999. ಹಿನ್ನೆಲೆ ಹೇಳುತ್ತೇನೆ: ಮ್ಯಾನೇಜರ್ ಸ್ಟಾನ್ ಟರ್ನೆಂಟ್ ಕೈಯಲ್ಲಿ ಬೆರಿ 1996, 1997 ಎರಡೂ ವರ್ಷ ಬಡ್ತಿ ಪಡೆದು ಎರಡನೇ ಹಂತ ಮುಟ್ಟಿತ್ತು. ಅಲ್ಲಿ ಎರಡು ವರ್ಷ ಹೇಗೋ ನಿಂತರು. 1998-99ರ ಕೊನೆಗೆ ಬೆರಿಗೂ ಪೋರ್ಟ್ ವೇಲ್‌ಗೂ ತಲಾ 47 ಅಂಕ, ಒಬ್ಬರು ಇಳಿಯಬೇಕು. ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದ ಲೆಕ್ಕ, ನೋಡಿದ್ದರೆ ಬೆರಿ ಉಳಿಯುತ್ತಿತ್ತು. ಆದರೆ ಆಗಿನ ಲೀಗ್ ನಿಯಮ ಬೇರೆ, ಅಂಕ ಸಮ ಆದರೆ ಜಾಸ್ತಿ ಗೋಲು ಹೊಡೆದವರು ಮೇಲೆ. ಬೆರಿ ಕಡಿಮೆ ಹೊಡೆದಿತ್ತು, ಇಳಿಯಿತು. ಮುಂದಿನ ಸೀಸನ್ನಿನಿಂದ ಆ ನಿಯಮವನ್ನೇ ತೆಗೆದರು. ಬೆರಿಯ ಹಳೆ ಅಭಿಮಾನಿಗಳ ಮುಂದೆ ಈ ವಿಷಯ ಎತ್ತಬೇಡಿ, ಸಂಜೆ ಪೂರ್ತಿ ಅದೇ ಆಗುತ್ತದೆ.

## ಕ್ಲಬ್ ಮುಳುಗಿದ ಕಥೆ

2019ರಲ್ಲಿ ಹೊರಗೆ ಹಾಕಿದ್ದು ಸೋತಿದ್ದಕ್ಕಾ?

ಇಲ್ಲ! ಗೆದ್ದ ವರ್ಷ ಅದು. ಎಲ್ಲರೂ ಎಡವುವುದು ಇಲ್ಲೇ.

2018-19ರಲ್ಲಿ ಬೆರಿ ನಾಲ್ಕನೇ ಹಂತದಲ್ಲಿ ಎರಡನೇ ಸ್ಥಾನ ಪಡೆಯಿತು. ಏಪ್ರಿಲ್ 30ರಂದು ಟ್ರಾನ್ಮಿಯರ್‌ನಲ್ಲಿ 1-1 ಡ್ರಾ ಮಾಡಿಕೊಂಡು ಬಡ್ತಿ ಖಾತ್ರಿ ಮಾಡಿಕೊಂಡಿತು. ಆ ಹೊತ್ತಿಗಾಗಲೇ ಆಟಗಾರರಿಗೆ, ಸಿಬ್ಬಂದಿಗೆ ಸಂಬಳ ಸರಿಯಾಗಿ ಬರುತ್ತಿರಲಿಲ್ಲ. ಸಂಬಳವಿಲ್ಲದೆ ಆಡಿ ಮೇಲೆ ಹೋದ ತಂಡ ಅದು. ಮ್ಯಾನೇಜರ್ ರಯಾನ್ ಲೋ ಮತ್ತು ಹಲವು ಆಟಗಾರರು ಬೇಸಿಗೆಯಲ್ಲಿ ಬೇರೆ ದಾರಿ ನೋಡಿಕೊಂಡರು, ತಪ್ಪು ಹೇಳಲು ಆಗಲ್ಲ. ಮೂರನೇ ಹಂತಕ್ಕೆ ಬಡ್ತಿ ಸಿಕ್ಕಿತು, ಆದರೆ ಅಲ್ಲಿ ಒಂದೇ ಒಂದು ಪಂದ್ಯವನ್ನೂ ಬೆರಿ ಆಡಲಿಲ್ಲ.

ಒಂದು ಪೌಂಡಿಗೆ ಕ್ಲಬ್ ಮಾರಿದ್ರಂತೆ. ಒಂದು ಪೌಂಡಿಗೆ ಯಾರಾದ್ರೂ ಮಾರ್ತಾರಾ?

ಸಾಲ ತುಂಬಿದ ಕಂಪನಿಯನ್ನು ಹೀಗೆ ಕೈಬದಲಾಯಿಸುವುದು ವಿಚಿತ್ರವೇನಲ್ಲ. ಕೊಳ್ಳುವವರು ಕ್ಲಬ್ಬಿನ ಜೊತೆ ಅದರ ಸಾಲವನ್ನೂ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ, ಹಾಗಾಗಿ ಬೆಲೆ ಹೆಸರಿಗೆ ಮಾತ್ರ.

2013ರಲ್ಲಿ ಬೆರಿಯನ್ನು ಕೊಂಡದ್ದು ಸ್ಟೂವರ್ಟ್ ಡೇ ಅನ್ನುವ ಕಟ್ಟಡ ವ್ಯವಹಾರದವರು. ಆ ಕಾಲದಲ್ಲಿ ಬಡ್ತಿಗಾಗಿ ಆಟಗಾರರ ಸಂಬಳಕ್ಕೆ ಧಾರಾಳವಾಗಿ ಖರ್ಚು ಮಾಡಿದರು, 2015ರಲ್ಲಿ ಬಡ್ತಿಯೂ ಸಿಕ್ಕಿತು. ಆದರೆ ಗೇಟಿನಲ್ಲಿ ಬರುವ ದುಡ್ಡಿಗೂ ಖರ್ಚಿಗೂ ತಾಳಮೇಳ ಇರಲಿಲ್ಲ. ಗಿಗ್ ಲೇನ್ ಮೈದಾನವನ್ನೇ ಅಡ ಇಟ್ಟು ಸಾಲ ತಂದರು. ಮೈದಾನದ ಕಾರ್ ಪಾರ್ಕಿಂಗ್ ಜಾಗವನ್ನು ಒಂದೊಂದಾಗಿ ಹೂಡಿಕೆದಾರರಿಗೆ ಮಾರಿದರು! ಕಾರು ನಿಲ್ಲಿಸುವ ಬಿಳಿ ಗೆರೆ ಎಳೆದ ಜಾಗ, ಅದರ ಮೇಲೆ ವರ್ಷಕ್ಕಿಷ್ಟು ಲಾಭ ಕೊಡುತ್ತೇವೆ ಅಂತ ಮಾತು. ಡೇ ಅವರ ಕಟ್ಟಡ ವ್ಯವಹಾರ ಕುಸಿಯಿತು. 2018ರ ಡಿಸೆಂಬರ್‌ನಲ್ಲಿ ಸ್ಟೀವ್ ಡೇಲ್ ಅನ್ನುವವರಿಗೆ ಒಂದು ಪೌಂಡಿಗೆ ಕ್ಲಬ್ ದಾಟಿಸಿದರು. ಬೆರಿಯಲ್ಲಿ ಒಂದು ಫುಟ್‌ಬಾಲ್ ತಂಡ ಇದೆ ಅನ್ನುವುದೇ ತನಗೆ ಮೊದಲು ಗೊತ್ತಿರಲಿಲ್ಲ ಅಂತ ಡೇಲ್ ಆಮೇಲೆ ಸಂದರ್ಶನದಲ್ಲಿ ಹೇಳಿದ್ದಿದೆ.

ಸಿವಿಎ ಅಂತ ಪದೇ ಪದೇ ಬರುತ್ತೆ. ಅದೇನು?

ಕಂಪನಿ ವಾಲಂಟರಿ ಅರೇಂಜ್‌ಮೆಂಟ್. ಸಾಲ ಕೊಟ್ಟವರೆಲ್ಲರ ಜೊತೆ ಕೂತು, ನಿಮಗೆ ಪೂರ್ತಿ ಕೊಡಲು ಆಗಲ್ಲ, ರೂಪಾಯಿಗೆ ಇಷ್ಟು ಪೈಸೆ ಅಂತ ಕೊಡುತ್ತೇವೆ, ಒಪ್ಪಿಕೊಳ್ಳಿ ಅನ್ನುವ ಕಾನೂನುಬದ್ಧ ರಾಜಿ. 2019ರ ಜುಲೈನಲ್ಲಿ ಬೆರಿಗೆ ಅದು ಮಂಜೂರಾಯಿತು. ತೆರಿಗೆ ಇಲಾಖೆ ಸೇರಿದಂತೆ ಭದ್ರತೆ ಇಲ್ಲದೆ ಸಾಲ ಕೊಟ್ಟವರಿಗೆ ಪೌಂಡಿಗೆ 25 ಪೆನ್ಸ್ ಲೆಕ್ಕ.

ಇಲ್ಲಿ ಒಂದು ಕಣ್ಣಿಗೆ ರಾಚುವ ವಿಷಯ ಇದೆ. ಲೀಗ್ ನಿಯಮದ ಪ್ರಕಾರ ಆಟಗಾರರಿಗೆ, ಬೇರೆ ಕ್ಲಬ್‌ಗಳಿಗೆ ಕೊಡಬೇಕಾದದ್ದನ್ನು ಪೂರ್ತಿ ಕೊಡಲೇಬೇಕು. ಆಂಬುಲೆನ್ಸ್‌ನವರು, ಸಮೋಸಾ ಬದಲು ಅಲ್ಲಿ ಪೈ ಸಪ್ಲೈ ಮಾಡುವವರು, ಪ್ರಿಂಟಿಂಗ್ ಪ್ರೆಸ್‌ನವರು, ಇಂಥವರಿಗೆ ಮಾತ್ರ ಚೂರುಪಾರು. ರಾಜಿ ಮಾಡಿಕೊಂಡ ತಪ್ಪಿಗೆ 12 ಅಂಕ ಕಡಿತವನ್ನೂ ಲೀಗ್ ಹಾಕಿತು. ಅದೆಲ್ಲ ಆದ ಮೇಲೂ ಲೀಗಿಗೆ ಒಂದೇ ಪ್ರಶ್ನೆ: ಈ ದುಡ್ಡು ಎಲ್ಲಿಂದ ಕೊಡುತ್ತೀರಿ, ಸೀಸನ್ ಪೂರ್ತಿ ಹೇಗೆ ನಡೆಸುತ್ತೀರಿ, ದಾಖಲೆ ತೋರಿಸಿ. ತೃಪ್ತಿಯಾಗುವ ಉತ್ತರ ಬರಲಿಲ್ಲ. ಆಗಸ್ಟ್ ಶುರುವಿನಿಂದ ಪಂದ್ಯಗಳನ್ನು ಒಂದೊಂದಾಗಿ ಮುಂದಕ್ಕೆ ಹಾಕುತ್ತಾ ಹೋದರು.

ಆಗಸ್ಟ್ 27ರಂದು ಏನಾಯ್ತು?

ಗಡುವು ಮೊದಲು 23ರ ಮಧ್ಯರಾತ್ರಿ ಇತ್ತು. ಕೊನೆ ಗಳಿಗೆಯಲ್ಲಿ ಸಿ ಆ್ಯಂಡ್ ಎನ್ ಸ್ಪೋರ್ಟಿಂಗ್ ರಿಸ್ಕ್ ಅನ್ನುವ ಕಂಪನಿ ಕೊಳ್ಳುತ್ತೇವೆ ಅಂದಿತು, ಹಾಗಾಗಿ 27ರ ಮಂಗಳವಾರ ಸಂಜೆ 5ಕ್ಕೆ ಮುಂದೂಡಿದರು.

ಆ ಮಂಗಳವಾರ ಬೆಳಗ್ಗೆ ಜನ ಗಿಗ್ ಲೇನ್‌ಗೆ ಬಂದರು. ಶನಿವಾರ ಡಾನ್‌ಕಾಸ್ಟರ್ ಜೊತೆ ಪಂದ್ಯ ಇರಬೇಕಿತ್ತು. ಕ್ಲಬ್ ಉಳಿದರೆ ಮೈದಾನ ಸಿದ್ಧವಾಗಿರಬೇಕಲ್ಲ, ತಿಂಗಳುಗಟ್ಟಲೆ ಯಾರೂ ಗುಡಿಸಿಲ್ಲ. ನೂರಾರು ಜನ, ಮನೆಯಿಂದಲೇ ಪೊರಕೆ, ಬಕೆಟ್ಟು, ಒರೆಸುವ ಬಟ್ಟೆ ತಂದಿದ್ದರು. ಕುರ್ಚಿಗಳನ್ನು ಸಾಲು ಸಾಲಾಗಿ ಒರೆಸಿದರು, ಮೆಟ್ಟಿಲು ಗುಡಿಸಿದರು, ಕಳೆ ಕಿತ್ತರು. ಯಾರಿಗೂ ಕೂಲಿ ಇಲ್ಲ, ಕ್ಲಬ್ ಇರುತ್ತದೆ ಅನ್ನುವ ಭರವಸೆಯೂ ಇಲ್ಲ. ಅದಕ್ಕೂ ಕೆಲವು ದಿನ ಮೊದಲು ಕ್ಲಬ್ಬಿನ ಮಾಜಿ ನಿರ್ದೇಶಕಿಯೊಬ್ಬರು ಮೈದಾನದ ಕಟ್ಟಡದ ನೀರಿನ ಪೈಪಿಗೆ ತಮ್ಮನ್ನು ಬೇಡಿ ಹಾಕಿಕೊಂಡು ಪ್ರತಿಭಟನೆ ಮಾಡಿದ್ದರು.

ಮಧ್ಯಾಹ್ನ, ಗಡುವಿಗೆ ಒಂದೆರಡು ಗಂಟೆ ಇರುವಾಗ, ಕೊಳ್ಳಬೇಕಾದ ಕಂಪನಿ ಹಿಂದೆ ಸರಿಯಿತು. ಲೆಕ್ಕಪತ್ರ ಒಳಗೆ ನೋಡಿದರೆ ಸಿಕ್ಕುಗಳು ಬಿಡಿಸಲಾಗದಷ್ಟು ಇವೆ ಅನ್ನುವುದು ಅವರ ಮಾತಿನ ಸಾರ. ರಾತ್ರಿ ತಡವಾಗಿ ಲೀಗ್‌ನಿಂದ ಪ್ರಕಟಣೆ ಬಂತು: ಬೆರಿಯ ಸದಸ್ಯತ್ವ ರದ್ದು. 125 ವರ್ಷದ ನಂಟು ಅಲ್ಲಿಗೆ ಮುಗಿಯಿತು. 1992ರಲ್ಲಿ ಮೇಡ್‌ಸ್ಟೋನ್ ಯುನೈಟೆಡ್ ಹೊರಬಿದ್ದ ಮೇಲೆ ಹೀಗಾದದ್ದು ಇದೇ ಮೊದಲು. ಆ ಸೀಸನ್ ಲೀಗ್ ಒನ್ 24ರ ಬದಲು 23 ತಂಡಗಳಿಂದ ನಡೆಯಿತು.

ಬೋಲ್ಟನ್‌ಗೂ ಅದೇ ದಿನ ಗಡುವು ಇತ್ತಲ್ಲ, ಅದನ್ನ ಯಾಕೆ ಉಳಿಸಿದ್ರು?

ಇಎಫ್‌ಎಲ್ ಬೋಲ್ಟನ್ನಿಗೆ 14 ದಿನ ಹೆಚ್ಚಿಗೆ ಕೊಟ್ಟಿತು, ಮರುದಿನವೇ ಮಾರಾಟ ಮುಗಿಯಿತು. ವ್ಯತ್ಯಾಸ ಏನಂದರೆ ಬೋಲ್ಟನ್ ಆಗಲೇ ಆಡಳಿತಾಧಿಕಾರಿಗಳ (ಸಾಲದಲ್ಲಿ ಮುಳುಗಿದ ಕಂಪನಿಯನ್ನು ಮಾಲೀಕರ ಬದಲು ನಡೆಸಲು ಕಾನೂನಿನಂತೆ ನೇಮಕವಾದವರು) ಕೈಯಲ್ಲಿತ್ತು, ಕೊಳ್ಳುವವರು ಎದುರಿಗಿದ್ದರು. ಬೆರಿಯಲ್ಲಿ ಬೀಗದಕೈ ಇನ್ನೂ ಮಾಲೀಕರ ಬಳಿಯೇ ಇತ್ತು. ಪಕ್ಕದ ಊರಿನ ಎದುರಾಳಿ ಉಳಿಯಿತು, ನಾವು ಹೋದೆವು ಅನ್ನುವ ಉರಿ ಬೆರಿಯವರಿಗೆ ಇಂದಿಗೂ ಇದೆ.

ಹಿಂದೇನೂ ಹೀಗೆ ಆಗಿತ್ತಲ್ವಾ? ಆಗ ಹೇಗೆ ಪಾರಾದ್ರು?

2002ರಲ್ಲಿ. ಐಟಿವಿ ಡಿಜಿಟಲ್ ಅನ್ನುವ ಟಿವಿ ಕಂಪನಿ ಲೀಗ್‌ ಕ್ಲಬ್‌ಗಳ ಜೊತೆ ಮೂರು ವರ್ಷಕ್ಕೆ 31.5 ಕೋಟಿ ಪೌಂಡಿನ ಒಪ್ಪಂದ ಮಾಡಿಕೊಂಡು ನಡುವೆಯೇ ಮುಳುಗಿತು. ಆ ದುಡ್ಡು ಬಂದೇ ಬರುತ್ತದೆ ಅಂತ ಖರ್ಚು ಮಾಡಿದ್ದ ಸಣ್ಣ ಕ್ಲಬ್‌ಗಳೆಲ್ಲ ತತ್ತರಿಸಿದವು. ಬೆರಿಯೂ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆಗ ಅಭಿಮಾನಿಗಳು ಡಬ್ಬಿ ಹಿಡಿದು ಚಂದಾ ಎತ್ತಿ ಕ್ಲಬ್ ಉಳಿಸಿಕೊಂಡರು. 2019ರಲ್ಲೂ ಎತ್ತಲು ಜನ ಸಿದ್ಧರಿದ್ದರು. ಆದರೆ ಯಾರ ಕೈಗೆ ಕೊಡಬೇಕು? ಮಾಲೀಕರನ್ನು ದಾಟಿ ಕ್ಲಬ್ಬಿಗೆ ದುಡ್ಡು ಮುಟ್ಟಿಸುವ ದಾರಿಯೇ ಇರಲಿಲ್ಲ.

## ಮತ್ತೆ ಶುರು, ಮತ್ತು ಮುಂದಿನ ಮಾತು

ಈಗ ಬೆರಿ ಅಂತ ಆಡ್ತಿರೋದು ಅದೇ ಹಳೇ ಕ್ಲಬ್ಬಾ?

ವಕೀಲರನ್ನು ಕೇಳಿದರೆ ಅಲ್ಲ ಅನ್ನಬಹುದು, ಸ್ಟ್ಯಾಂಡಿನಲ್ಲಿ ಕೂತವರನ್ನು ಕೇಳಿದರೆ ಹೌದು ಅನ್ನುತ್ತಾರೆ. ನಾನು ಸ್ಟ್ಯಾಂಡಿನವರ ಕಡೆ.

ಆದದ್ದು ಇಷ್ಟು. 2019ರ ಕೊನೆಗೆ ಒಂದಷ್ಟು ಅಭಿಮಾನಿಗಳು ಬೆರಿ ಎಎಫ್‌ಸಿ ಅನ್ನುವ ಹೊಸ ಕ್ಲಬ್ ಕಟ್ಟಿದರು, ಸದಸ್ಯರೇ ಮಾಲೀಕರು. 2020ರಲ್ಲಿ ಹತ್ತನೇ ಹಂತದಲ್ಲಿ, ನಾರ್ತ್ ವೆಸ್ಟ್ ಕೌಂಟೀಸ್ ಲೀಗಿನಲ್ಲಿ ಆಟ ಶುರು ಮಾಡಿದರು. ಸ್ವಂತ ಮೈದಾನ ಇಲ್ಲ, ಪಕ್ಕದ ರ್‍ಯಾಡ್‌ಕ್ಲಿಫ್ ಕ್ಲಬ್ಬಿನ ಮೈದಾನ ಬಾಡಿಗೆಗೆ. 2021-22ರಲ್ಲಿ ತಮ್ಮ ಡಿವಿಜನ್ ಗೆದ್ದು ಒಂಬತ್ತನೇ ಹಂತಕ್ಕೆ ಬಂದರು. ಇನ್ನೊಂದು ಗುಂಪು, ಹಳೇ ಕ್ಲಬ್ಬಿನ ಹೆಸರನ್ನೂ ಗಿಗ್ ಲೇನನ್ನೂ ಬಿಟ್ಟುಕೊಡಬಾರದು ಅಂತ ಪಟ್ಟು ಹಿಡಿದಿತ್ತು. 2022ರ ಫೆಬ್ರವರಿಯಲ್ಲಿ ಸರ್ಕಾರದ ನಿಧಿಯಿಂದ 10 ಲಕ್ಷ ಪೌಂಡ್, ಜೊತೆಗೆ ದಾನಿಗಳ, ಅಭಿಮಾನಿಗಳ ದುಡ್ಡು ಸೇರಿಸಿ ಗಿಗ್ ಲೇನನ್ನೂ, ಹಳೇ ಹೆಸರು ಮತ್ತು ನೆನಪಿನ ವಸ್ತುಗಳನ್ನೂ ಕೊಂಡುಬಿಟ್ಟರು.

ಅಂದರೆ ಒಬ್ಬರ ಹತ್ತಿರ ತಂಡ ಇದೆ, ಮೈದಾನ ಇಲ್ಲ. ಇನ್ನೊಬ್ಬರ ಹತ್ತಿರ ಮೈದಾನ ಇದೆ, ತಂಡ ಇಲ್ಲ.

ಹಾಗಿದ್ರೆ ತಕ್ಷಣ ಒಂದಾಗಬಹುದಿತ್ತಲ್ಲ? ಜಗಳ ಯಾಕೆ?

ಹೊರಗಿನಿಂದ ನೋಡಿದರೆ ಹಾಗೇ ಅನ್ನಿಸುತ್ತದೆ. ಒಳಗಿದ್ದವರಿಗೆ ಅಷ್ಟು ಸುಲಭ ಇರಲಿಲ್ಲ. ಹೊಸ ಕ್ಲಬ್‌ನವರಿಗೆ ಒಂದು ಭಯ: ಸದಸ್ಯರಿಗೆ ಒಂದೊಂದು ಮತ ಅಂತ ಕಟ್ಟಿಕೊಂಡಿದ್ದೇವೆ, ಮತ್ತೆ ದೊಡ್ಡ ಮೈದಾನ, ದೊಡ್ಡ ಖರ್ಚು, ಮತ್ತೆ ಯಾರೋ ದುಡ್ಡಿನವರ ಕೈಗೆ ಹೋದರೆ? ಹಳೇ ಗುಂಪಿನವರಿಗೆ ಇನ್ನೊಂದು ಸಿಟ್ಟು: ನಾವು ಮೈದಾನಕ್ಕಾಗಿ ಬಡಿದಾಡುವಾಗ ನೀವು ಬೇರೆ ಊರಲ್ಲಿ ಬೇರೆ ತಂಡ ಕಟ್ಟಿಕೊಂಡಿರಿ. ಗೆಳೆಯರ ನಡುವೆ, ಮನೆಯೊಳಗೇ ಮಾತು ಬಿಟ್ಟವರಿದ್ದರು.

2022ರ ಅಕ್ಟೋಬರ್‌ನಲ್ಲಿ ಮತ ಹಾಕಿದರು. ಎರಡೂ ಕಡೆ ಮೂರನೇ ಎರಡರಷ್ಟು ಬೇಕಿತ್ತು. ಹೊಸ ಕ್ಲಬ್ ಕಡೆ ಬಹುಮತ ಬಂತು, ಆದರೆ ಮೂರನೇ ಎರಡಕ್ಕೆ ಸ್ವಲ್ಪದರಲ್ಲಿ ತಪ್ಪಿತು. 2023ರ ಮೇ ತಿಂಗಳಲ್ಲಿ ಮತ್ತೆ ಹಾಕಿದರು, ಈ ಸಲ ಎರಡೂ ಕಡೆ ಪಾಸಾಯಿತು. ಬೆರಿ ಫುಟ್‌ಬಾಲ್ ಕ್ಲಬ್ ಅನ್ನುವ ಹಳೇ ಹೆಸರಿಗೆ ಎಫ್‌ಎ ಒಪ್ಪಿತು, ಆ ಬೇಸಿಗೆಯಲ್ಲಿ ಗಿಗ್ ಲೇನ್‌ನಲ್ಲಿ ಮತ್ತೆ ಚೆಂಡು ಉರುಳಿತು.

ಒಂಬತ್ತನೇ ಹಂತದ ಆಟ ನೋಡೋಕೆ ಯಾರು ಬರ್ತಾರೆ?

ಬೆರಿಯಲ್ಲಿ ಸರಾಸರಿ ಮೂರು ಸಾವಿರ ದಾಟಿದೆ! ಆ ಹಂತದಲ್ಲಿ ಮಿಕ್ಕ ಕ್ಲಬ್‌ಗಳಿಗೆ ಮುನ್ನೂರು ಜನ ಬಂದರೆ ಹಬ್ಬ. ಎದುರಾಳಿ ತಂಡದ ಆಟಗಾರರು, ಅಂದರೆ ವಾರವೆಲ್ಲ ಬೇರೆ ಕೆಲಸ ಮಾಡಿಕೊಂಡು ಶನಿವಾರ ಆಡುವವರು, ಗಿಗ್ ಲೇನ್‌ಗೆ ಬಂದಾಗ ಫೋಟೋ ತೆಗೆಸಿಕೊಳ್ಳುತ್ತಾರೆ. ಅವರ ಜೀವನದ ದೊಡ್ಡ ಪಂದ್ಯ ಅದು. ಹಾಗಾಗಿ ಬೆರಿ ಎದುರು ಎಲ್ಲರೂ ಪ್ರಾಣ ಕೊಟ್ಟು ಆಡುತ್ತಾರೆ, ಅದು ಬೆರಿಗೆ ತಲೆನೋವು. ಒಂದೇ ವರ್ಷದಲ್ಲಿ ಹತ್ತಿಬಿಡುತ್ತಾರೆ ಅಂದುಕೊಂಡಿದ್ದವರು ಕಾಯಬೇಕಾಯಿತು. 2024-25ರಲ್ಲಿ ಚಾಂಪಿಯನ್ ಆಗಿ ಎಂಟನೇ ಹಂತಕ್ಕೆ, ನಾರ್ದರ್ನ್ ಪ್ರೀಮಿಯರ್ ಲೀಗಿನ ವೆಸ್ಟ್ ಡಿವಿಜನ್ನಿಗೆ, ಬಡ್ತಿ ಸಿಕ್ಕಿತು.

ಬೆರಿ ಮುಳುಗಿದ ಮೇಲೆ ನಿಯಮ ಏನಾದ್ರೂ ಬದಲಾಯ್ತಾ?

ತಡವಾಗಿ ಬದಲಾಯಿತು. ದುಡ್ಡಿನ ಮೂಲ ತೋರಿಸದೆಯೇ ಕ್ಲಬ್ ಕೊಳ್ಳಲು ಡೇಲ್ ಅವರಿಗೆ ಸಾಧ್ಯವಾಯಿತಲ್ಲ, ಅದೇ ಎಲ್ಲರಿಗೂ ಚುಚ್ಚಿದ್ದು. ಮಾಲೀಕರ ಪರೀಕ್ಷೆ ಅಂತ ಒಂದು ಇತ್ತು, ಆದರೆ ಅದು ಈ ಮನುಷ್ಯನ ಮೇಲೆ ಇಂಥ ಕೇಸು ಇದೆಯಾ ಅಂತ ನೋಡುತ್ತಿತ್ತೇ ಹೊರತು ಈ ಕ್ಲಬ್ ನಡೆಸಲು ದುಡ್ಡು, ಯೋಗ್ಯತೆ ಇದೆಯಾ ಅಂತ ಸರಿಯಾಗಿ ನೋಡುತ್ತಿರಲಿಲ್ಲ. 2021ರಲ್ಲಿ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದಲ್ಲಿ ಅಭಿಮಾನಿಗಳ ಅಹವಾಲು ಕೇಳಿ ವರದಿ ತಯಾರಾಯಿತು, ಸ್ವತಂತ್ರ ನಿಯಂತ್ರಕ ಬೇಕು ಅಂತ ಅದು ಹೇಳಿತು. ಸರ್ಕಾರಗಳು ಬದಲಾದವು, ಮಸೂದೆ ಎಳೆದಾಡಿತು, ಕೊನೆಗೆ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಗೆ ಅಂಕಿತ ಬಿತ್ತು. ಇನ್ನು ಮೇಲಿನ ಐದು ಹಂತದ ಕ್ಲಬ್‌ಗಳಿಗೆ ಲೈಸೆನ್ಸ್ ಬೇಕು, ಹೊಸ ಮಾಲೀಕರನ್ನು ನಿಯಂತ್ರಕರೇ ಪರೀಕ್ಷಿಸುತ್ತಾರೆ. ಪಾರ್ಲಿಮೆಂಟಿನ ಚರ್ಚೆಯಲ್ಲಿ ಬೆರಿಯ ಹೆಸರು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ತಮಾಷೆ ಅಂದರೆ ಬೆರಿ ಈಗಿರುವ ಹಂತಕ್ಕೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ.

ಮತ್ತೆ ಲೀಗಿಗೆ ವಾಪಸ್ ಬರೋಕೆ ಎಷ್ಟು ವರ್ಷ ಬೇಕು?

ಎಂಟನೇ ಹಂತದಿಂದ ನಾಲ್ಕನೇದಕ್ಕೆ ಬರಬೇಕಾದರೆ ನಾಲ್ಕು ಬಡ್ತಿ ಬೇಕು. ಪ್ರತಿ ವರ್ಷ ಗೆದ್ದರೆ ನಾಲ್ಕು ವರ್ಷ, ಆದರೆ ಹಾಗೆ ಯಾರೂ ಗೆಲ್ಲುವುದಿಲ್ಲ. ಒಂದೊಂದು ಡಿವಿಜನ್ನಿನಿಂದ ಮೇಲೆ ಹೋಗುವುದು ಒಂದೋ ಎರಡೋ ತಂಡ. ಅದರಲ್ಲೂ ಐದನೇ ಹಂತ ದಾಟುವುದು ಬಹಳ ಕಷ್ಟ, ಒಂದು ಕಾಲದಲ್ಲಿ ಲೀಗ್‌ನಲ್ಲಿದ್ದ ಎಷ್ಟೋ ಕ್ಲಬ್‌ಗಳು ಅಲ್ಲೇ ಸಿಕ್ಕಿಕೊಂಡಿವೆ.

ಹಿಂದಿನ ಉದಾಹರಣೆ ನೋಡಿ. ಅಭಿಮಾನಿಗಳೇ ಹೊಸದಾಗಿ ಕಟ್ಟಿದ ಎಎಫ್‌ಸಿ ವಿಂಬಲ್ಡನ್ 2002ರಲ್ಲಿ ಒಂಬತ್ತನೇ ಹಂತದಲ್ಲಿ ಶುರು ಮಾಡಿ 2011ರಲ್ಲಿ ಲೀಗ್ ತಲುಪಿತು, ಒಂಬತ್ತು ವರ್ಷ. ಅದು ಬಹಳ ಬೇಗ ಆದ ಲೆಕ್ಕ. ಬೆರಿಯ ನೆರೆಯ ಆಕ್ರಿಂಗ್ಟನ್ ಸ್ಟ್ಯಾನ್ಲಿ 1962ರಲ್ಲಿ ಲೀಗ್ ಬಿಟ್ಟು ಹೋಯಿತು, ಆ ಹೆಸರು ಮತ್ತೆ ಲೀಗ್ ಪಟ್ಟಿಯಲ್ಲಿ ಕಂಡದ್ದು 2006ರಲ್ಲಿ. ಬೆರಿ ಈ ಎರಡರ ನಡುವೆ ಎಲ್ಲೋ ಬರುತ್ತದೆ ಅಂತ ನನ್ನ ಅಂದಾಜು, ವಿಂಬಲ್ಡನ್ ಕಡೆಗೇ ಜಾಸ್ತಿ ಹತ್ತಿರ. ಆ ಹಂತಗಳಲ್ಲಿ ಇಷ್ಟು ಜನ ಟಿಕೆಟ್ ಕೊಂಡು ಬರುವ ಕ್ಲಬ್ ಬೇರೆ ಹೆಚ್ಚಿಲ್ಲ, ಮತ್ತು ಈ ಸಲ ಮೈದಾನ ಯಾರ ಅಡಮಾನದಲ್ಲೂ ಸಿಕ್ಕಿಹಾಕಿಕೊಂಡಿಲ್ಲ.